ಅಂಗುಳಕ್ಕೂ ಹಲ್ಲಿನ ಸೆಟ್ಟಿಗೂ ನಡುವೆ

ಕಟ್ಟಿಸಿದ ಹಲ್ಲು ಸಡಿಲವಾದರೆ ಮನೆಯವರು ಮೊದಲು ಬೈಯುವುದು ಡಾಕ್ಟರನ್ನು, ಆಮೇಲೆ ವಯಸ್ಸನ್ನು. ‘ವಸಡೇ ಕರಗಿಹೋಗಿದೆ, ಸೆಟ್ಟು ಎಲ್ಲಿ ನಿಲ್ಲುತ್ತದೆ’ ಎಂದು ಸಮಾಧಾನ ಹೇಳಿಕೊಂಡು ಅಜ್ಜಿ ಅದನ್ನು ನೀರಿನ ಡಬ್ಬಿಗೆ ಹಾಕಿಡುತ್ತಾಳೆ. ಮದುವೆಗೋ ಗೃಹಪ್ರವೇಶಕ್ಕೋ ಹೊರಟಾಗ, ನಾಲ್ಕು ಜನರೆದುರು ನಗಬೇಕಲ್ಲ ಎಂದು ಹಾಕಿಕೊಳ್ಳುತ್ತಾಳೆ. ಊಟದ ಎಲೆಯ ಮುಂದೆ ಕೂತಾಗ ಸೆರಗಿನ ಮರೆಯಲ್ಲಿ ತೆಗೆದು ಕರವಸ್ತ್ರದಲ್ಲಿ ಸುತ್ತಿಕೊಳ್ಳುತ್ತಾಳೆ. ತಿನ್ನಲೆಂದು ಮಾಡಿಸಿದ ಹಲ್ಲನ್ನು ತಿನ್ನುವ ಹೊತ್ತಿಗೇ ತೆಗೆದಿಡಬೇಕಾದ ಸಂಕಟ ನಮ್ಮ ಎಷ್ಟೋ ಮನೆಗಳಲ್ಲಿದೆ.

ತಪ್ಪು ಎಲ್ಲ ಸಲವೂ ಡಾಕ್ಟರದ್ದಲ್ಲ, ವಸಡಿನದೂ ಅಲ್ಲ. ಆ ಸೆಟ್ಟು ತಯಾರಾದ ಲ್ಯಾಬನ್ನು ಮನೆಯವರು ಯಾರೂ ಕಂಡಿರುವುದಿಲ್ಲ. ಮಹಡಿ ಮೇಲಿನ ಕೋಣೆ, ಗೋಡೆಯ ಮೇಲೆಲ್ಲ ಪ್ಲಾಸ್ಟರಿನ ಪುಡಿ, ಮೂಲೆಯಲ್ಲಿ ಕುದಿಯುವ ನೀರು, ಮೂಗಿಗೆ ಚುಚ್ಚುವ, ಮಾನೊಮರ್ ಎಂಬ ದ್ರವದ ಘಾಟು. ಅಲ್ಲಿ ಒಂದು ಮಧ್ಯಾಹ್ನ, ಫ್ಲಾಸ್ಕ್ ಎಂಬ ಲೋಹದ ಪೆಟ್ಟಿಗೆಯ ಒಳಗೆ, ಯಾರ ಕಣ್ಣಿಗೂ ಬೀಳದೆ ಅಕ್ರಿಲಿಕ್ ಒಂದಿಷ್ಟು ಕುಗ್ಗಿರುತ್ತದೆ. ಅಜ್ಜಿಯ ಅಂಗುಳಕ್ಕೂ ಸೆಟ್ಟಿಗೂ ನಡುವೆ ಗಾಳಿ ಹೊಗಲು ಅಷ್ಟು ಸಾಕು.

ಹಲ್ಲಿನ ಸೆಟ್ಟು ಮೊದಲು ಹುಟ್ಟುವುದು ಮೇಣದಲ್ಲಿ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ಲ್ಯಾಬಿನಲ್ಲಿ ಅದರಿಂದ ಪ್ಲಾಸ್ಟರ್ ಅಚ್ಚು ಎರೆಯುತ್ತಾರೆ. ಮೇಲ್ದವಡೆ, ಕೆಳದವಡೆ ಕೂಡುವ ಬಗೆಯನ್ನು ಹಿಡಿದಿಡುವ ಆರ್ಟಿಕ್ಯುಲೇಟರಿನಲ್ಲಿ ಅಚ್ಚುಗಳನ್ನು ಕೂರಿಸಿ, ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದೇ ಹಲ್ಲನ್ನು ನಿಲ್ಲಿಸುತ್ತಾರೆ. ಅದು ಬಾಯಿಗೆ ಹೋಗಿ ಟ್ರೈ-ಇನ್ ಆಗಿ ಬರುತ್ತದೆ. ಆಮೇಲೆ ಮೇಣದ ಸೆಟ್ಟನ್ನು ಎರಡು ಭಾಗದ ಲೋಹದ ಫ್ಲಾಸ್ಕಿನೊಳಗೆ ಪ್ಲಾಸ್ಟರಿನಲ್ಲಿ ಹೂತು, ಕುದಿನೀರು ಹಾಯಿಸಿ ಮೇಣವನ್ನು ತೊಳೆದುಬಿಡುತ್ತಾರೆ. ಹಲ್ಲುಗಳು ಪ್ಲಾಸ್ಟರಿಗೆ ಕಚ್ಚಿಕೊಂಡು ಉಳಿಯುತ್ತವೆ, ಮೇಣವಿದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಅಕ್ರಿಲಿಕ್ ತುಂಬಬೇಕು. ಕಷ್ಟ ಶುರುವಾಗುವುದು ಇಲ್ಲಿಂದ.

ಅಕ್ರಿಲಿಕ್ ಎಂದರೆ ಒಂದು ಪುಡಿ, ಒಂದು ದ್ರವ. ಪುಡಿ ಆಗಲೇ ಗಟ್ಟಿಯಾಗಿರುವ ಪಾಲಿಮರ್, ದ್ರವ ಇನ್ನೂ ಆಗಬೇಕಿರುವ ಮಾನೊಮರ್. ಬರೀ ಮಾನೊಮರನ್ನು ಗಟ್ಟಿಯಾಗಿಸಿದರೆ ಅದರ ಗಾತ್ರ ಶೇ. 21ರಷ್ಟು ಕುಗ್ಗುತ್ತದೆ. ಮೂರು ಪಾಲು ಪುಡಿಗೆ ಒಂದು ಪಾಲು ದ್ರವ ಬೆರೆಸುವುದರಿಂದ ಕುಗ್ಗುವಿಕೆ ಶೇ. 7ರ ಸುಮಾರಿಗೆ ಇಳಿಯುತ್ತದೆ. ಈ ಕುಗ್ಗುವಿಕೆ ಪೂರ್ತಿಯಾಗಿ ಸೆಟ್ಟಿನ ಮೇಲೆ ಕಾಣಿಸುವುದಿಲ್ಲ. ಅಚ್ಚಿನೊಳಗೆ ಇನ್ನೂ ಮೆತ್ತಗಿರುವ ದ್ರವ್ಯ ಒತ್ತಡಕ್ಕೆ ಹರಿದು ಒಂದಿಷ್ಟನ್ನು ತುಂಬಿಕೊಳ್ಳುತ್ತದೆ. ಉಳಿದದ್ದು ಉದ್ದಳತೆಯಲ್ಲಿ ನೋಡಿದರೆ ಶೇ. 1ಕ್ಕೂ ಕಡಿಮೆ. ಆದರೆ ಬಾಯಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅದನ್ನೇ. ಮೇಲಿನ ಸೆಟ್ಟು ಯಾವ ಅಂಟೂ ಇಲ್ಲದೆ ನಿಲ್ಲುವುದು ಅಂಗುಳಕ್ಕೂ ಅಕ್ರಿಲಿಕ್‌ಗೂ ನಡುವಿನ ಎಂಜಲಿನ ತೆಳುಪದರದಿಂದ, ಮತ್ತು ಗಾಳಿ ಒಳನುಗ್ಗದಂತೆ ಸುತ್ತಲೂ ಮುಚ್ಚಿಕೊಂಡಿರುವ ಅಂಚಿನಿಂದ. ಅಕ್ರಿಲಿಕ್ ಕುಗ್ಗುವಾಗ ಹೆಚ್ಚಾಗಿ ಅಚ್ಚಿನಿಂದ ಬಿಟ್ಟುಕೊಳ್ಳುವುದು ಅಂಗುಳದ ಹಿಂಭಾಗದ ನಡುಮಧ್ಯದಲ್ಲಿ. ಮುಚ್ಚಿಕೊಂಡಿರಲೇಬೇಕಾದ ಜಾಗವೂ ಅದೇ.

ಕೈಯಿಂದ ಪ್ಯಾಕ್ ಮಾಡುವವರ ಕಷ್ಟ ಇನ್ನೂ ಒಂದಿದೆ. ಪುಡಿ ದ್ರವ ಬೆರೆಸಿದ ಮೇಲೆ ಅದು ಮರಳಿನಂತಿರುವ ಹದ ದಾಟಿ, ಎಳೆಯೆಳೆಯಾಗಿ ಅಂಟುವ ಹದ ದಾಟಿ, ಹಿಟ್ಟಿನ ಹದಕ್ಕೆ ಬರುವವರೆಗೆ ಕಾಯಬೇಕು. ಆ ಹದ ಸಿಕ್ಕಿದ ಗಳಿಗೆಯಲ್ಲಿ ಫ್ಲಾಸ್ಕಿಗೆ ತುಂಬಿ, ನಡುವೆ ಪಾಲಿಥೀನ್ ಹಾಳೆ ಇಟ್ಟು, ಪ್ರೆಸ್ಸಿನ ಕೆಳಗೆ ಮೆಲ್ಲಗೆ ಮುಚ್ಚಬೇಕು. ಸುತ್ತಲೂ ಹೊರಬಂದ ಹೆಚ್ಚುವರಿಯನ್ನು ಕತ್ತರಿಸಿ ಮತ್ತೆ ಮುಚ್ಚಬೇಕು. ಎಷ್ಟೇ ಪಳಗಿದ ಕೈಯಾದರೂ ಎರಡು ಭಾಗಗಳ ನಡುವೆ ಅಕ್ರಿಲಿಕ್ಕಿನ ಒಂದು ತೆಳುಪೊರೆ ಉಳಿದುಬಿಡಬಹುದು. ಉಳಿದರೆ ಫ್ಲಾಸ್ಕು ಪೂರ್ತಿ ಮುಚ್ಚಿಲ್ಲವೆಂದೇ ಅರ್ಥ. ಆ ಪೊರೆಯಷ್ಟೇ ದಪ್ಪ ಹಲ್ಲುಗಳು ಮೇಲೆದ್ದಿರುತ್ತವೆ. ಮರುದಿನ ಸೆಟ್ಟನ್ನು ಬಿಡಿಸಿ ಆರ್ಟಿಕ್ಯುಲೇಟರಿನಲ್ಲಿ ಕೂರಿಸಿದಾಗ, ಎತ್ತರ ಕಾಯಲು ಅದರಲ್ಲಿರುವ ಪಿನ್ನು ಕೆಳಗಿನ ತಟ್ಟೆ ಮುಟ್ಟದೆ ಎದ್ದು ನಿಂತಿರುತ್ತದೆ. ‘ಪಿನ್ ಎದ್ದಿದೆ’ ಎನ್ನುವ ಎರಡು ಮಾತಿನಲ್ಲಿ ಒಬ್ಬ ಮುದುಕರ ಮುಂದಿನ ಕೆಲವು ವರ್ಷಗಳ ಊಟ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಎದ್ದ ಹಲ್ಲನ್ನು ತೇಯ್ದು ಸರಿಮಾಡದೆ ಹಾಗೆಯೇ ಕಳಿಸಿದರೆ, ಮಾತಾಡಿದಾಗಲೆಲ್ಲ ಹಲ್ಲು ಹಲ್ಲಿಗೆ ಬಡಿದು ಟಕಟಕ ಎನ್ನುತ್ತದೆ, ದವಡೆಯ ಸ್ನಾಯು ಸೋಲುತ್ತದೆ, ವಸಡಿನ ಮೇಲೆ ಹುಣ್ಣು ಏಳುತ್ತದೆ.

ತುಂಬಿದ ಮೇಲೆ ಬೇಯಿಸುವುದೂ ಆತುರದ ಕೆಲಸವಲ್ಲ. ಮಾನೊಮರ್ ಕುದಿಯುವುದು ಸರಿಸುಮಾರು ನೀರು ಕುದಿಯುವ ಬಿಸಿಯಲ್ಲೇ, 100 ಡಿಗ್ರಿ ಸೆಲ್ಸಿಯಸ್ ಹತ್ತಿರ. ಗಟ್ಟಿಯಾಗುವ ಕ್ರಿಯೆ ತಾನೂ ಶಾಖ ಹೊರಹಾಕುತ್ತದೆ. ನೀರನ್ನು ಗಬಕ್ಕನೆ ಕುದಿಸಿದರೆ ದಪ್ಪ ಭಾಗದ ಒಳಗೆ ಮಾನೊಮರೇ ಕುದಿದು ಗುಳ್ಳೆ ಕಟ್ಟುತ್ತದೆ. ಆ ಕಾರಣಕ್ಕೇ 74 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಆಮೇಲೆ ಒಂದು ಗಂಟೆ ಕುದಿಸುವುದೋ, 74 ಡಿಗ್ರಿಯಲ್ಲೇ ಎಂಟೊಂಬತ್ತು ಗಂಟೆ ಬಿಡುವುದೋ ರೂಢಿ. ಬೆಂದ ಫ್ಲಾಸ್ಕನ್ನು ತಣ್ಣೀರಿಗೆ ಎತ್ತಿಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ. ತಾನಾಗಿ ಆರಲು ಬಿಡಬೇಕು. ಡಾಕ್ಟರ ಫೋನು ಬರುತ್ತಿರುತ್ತದೆ, ಸಂಜೆಯ ಬಸ್ಸಿಗೆ ಸೆಟ್ಟು ಹೋಗಬೇಕಿರುತ್ತದೆ, ಕರೆಂಟು ಹೋಗಿ ಬಂದು ಮಾಡುತ್ತಿರುತ್ತದೆ. ಎಂಟು ಗಂಟೆಯ ತಾಳ್ಮೆಯನ್ನು ನಮ್ಮ ಸಣ್ಣ ಲ್ಯಾಬುಗಳಿಂದ ಕೇಳುವುದು ಸುಲಭ. ಅದಕ್ಕೆ ತಕ್ಕ ಹಣವನ್ನೂ ಹೊತ್ತನ್ನೂ ಅವರಿಗೆ ಕೊಟ್ಟವರು ಕಡಿಮೆ.

ಹಣ, ಹೊತ್ತು, ಕೈಯ ಜಾಣ್ಮೆ ಎಷ್ಟಿದ್ದರೂ ಒಂದು ಮಿತಿಯಿದೆ. ಫ್ಲಾಸ್ಕನ್ನು ಮುಚ್ಚಿ ಕ್ಲ್ಯಾಂಪು ಬಿಗಿದ ಮೇಲೆ ಒಳಗೆ ಕುಗ್ಗುತ್ತಿರುವುದಕ್ಕೆ ಹೊಸ ಅಕ್ರಿಲಿಕ್ ಸೇರಿಸಲು ಯಾವ ಕೈಗೂ ಆಗದು. ಇಂಜೆಕ್ಷನ್ ಯಂತ್ರ ಬಂದದ್ದು ಆ ಒಂದು ಕೆಲಸಕ್ಕಾಗಿ. ಚಕ್ಕುಲಿ ಒರಳಿನ ಹಾಗೆ, ಅಕ್ರಿಲಿಕ್ಕಿನ ಹಿಟ್ಟು ಒಂದು ಕೊಳವೆಯಲ್ಲಿರುತ್ತದೆ, ಹಿಂದಿನಿಂದ ಒತ್ತು ಬೀಳುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಅಚ್ಚು ತುಂಬಿದ ಮೇಲೂ ಒತ್ತು ನಿಲ್ಲುವುದಿಲ್ಲ. ಫ್ಲಾಸ್ಕಿನ ಎರಡು ಭಾಗಗಳು ಅಕ್ರಿಲಿಕ್ ಬರುವ ಮೊದಲೇ ಪೂರ್ತಿ ಮುಚ್ಚಿ ಬಿಗಿದಿರುತ್ತವೆ, ಆದ್ದರಿಂದ ನಡುವೆ ಪೊರೆ ಉಳಿಯುವ ಮಾತಿಲ್ಲ. ಶಾಖವನ್ನು ಕೊಳವೆಯ ಬಾಯಿಗೆ ದೂರವಾದ ಕಡೆಯಿಂದ ಕೊಡುತ್ತಾರೆ. ದೂರದ ಭಾಗ ಮೊದಲು ಗಟ್ಟಿಯಾಗುತ್ತಾ, ಕುಗ್ಗುತ್ತಾ ಬಂದಂತೆ, ಬಾಯಿಯ ಬಳಿ ಇನ್ನೂ ಮೆತ್ತಗಿರುವ ಅಕ್ರಿಲಿಕ್ ಮುಂದೆ ಸರಿದು ಆ ಕೊರತೆಯನ್ನು ತುಂಬುತ್ತದೆ. ಕೊನೆಗೆ ಗಟ್ಟಿಯಾಗುವುದು ಕೊಳವೆಯ ಬಾಯಿ. ಆ ತುಂಡನ್ನು ಕತ್ತರಿಸಿ ಎಸೆಯುತ್ತಾರೆ. ಕುಗ್ಗುವುದನ್ನು ಯಂತ್ರ ತಡೆಯುವುದಿಲ್ಲ, ರಸಾಯನದ ನಿಯಮ ಯಾರ ಮಾತೂ ಕೇಳುವುದಿಲ್ಲ. ಕುಗ್ಗಿದಷ್ಟನ್ನು ಅಲ್ಲಲ್ಲೇ ತುಂಬಿಕೊಡುತ್ತಾ ಹೋಗುತ್ತದೆ, ಅಷ್ಟೆ. ಇದನ್ನು ಯೋಚಿಸಿದವರ ಬುದ್ಧಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಇಂಜೆಕ್ಷನ್ ವಿಧಾನ ಹೊಸತೇನಲ್ಲ. ಅಕ್ರಿಲಿಕ್ ಹಲ್ಲಿನ ಸೆಟ್ಟಿಗೆ ಬಂದದ್ದು 1937ರ ಆಸುಪಾಸಿನಲ್ಲಿ. ಪ್ರಯರ್ ಎಂಬುವರು ಅಮೆರಿಕದಲ್ಲಿ ಇಂಜೆಕ್ಷನ್ ವಿಧಾನವನ್ನು ವಿವರಿಸಿದ್ದು 1942ರಲ್ಲಿ. ಎಂದರೆ ಅಕ್ರಿಲಿಕ್ ಬಂದ ಐದೇ ವರ್ಷಕ್ಕೆ ಅದರ ಕುಗ್ಗುವಿಕೆ ಜನರನ್ನು ಕಾಡತೊಡಗಿತ್ತು. 1970ರ ದಶಕದಲ್ಲಿ ಲಿಚ್‌ಟೆನ್‌ಸ್ಟೈನಿನ ಇವೊಕ್ಲಾರ್ ಕಂಪನಿಯ ಇವೊಕ್ಯಾಪ್ ಎಂಬ ಇಂಜೆಕ್ಷನ್ ವ್ಯವಸ್ಥೆ ಬಂತು. ಅಳತೆ ಮಾಡಿಟ್ಟ ಕ್ಯಾಪ್ಸೂಲ್, 6 ಬಾರ್ ಒತ್ತಡ, ಕುದಿನೀರಿನಲ್ಲಿ 35 ನಿಮಿಷ. ಆಗಲೂ ಗಡಿಯಾರ ನೋಡುವುದು, ನೀರಿನಿಂದ ಎತ್ತುವುದು ಮನುಷ್ಯನ ಕೆಲಸವಾಗಿತ್ತು. ಈಗಿನ ಸ್ವಯಂಚಾಲಿತ ಇಂಜೆಕ್ಟರುಗಳಲ್ಲಿ ಕಾರ್ಟ್ರಿಜ್ ಕೂರಿಸಿ, ಫ್ಲಾಸ್ಕು ಇಟ್ಟು, ಬಾಗಿಲು ಹಾಕಿ, ಪ್ರೋಗ್ರಾಂ ಆರಿಸಿದರೆ ಆಯಿತು. ಒತ್ತುವುದು, ಬಿಸಿಯೇರಿಸುವುದು, ಒತ್ತಡ ಕಾಯುವುದು ಎಲ್ಲ ಯಂತ್ರದ ಜವಾಬ್ದಾರಿ. ಸುಮಾರು ಒಂದು ಗಂಟೆಯಲ್ಲಿ ಫ್ಲಾಸ್ಕು ಹೊರಬರುತ್ತದೆ. ಆ ಒಂದು ಗಂಟೆಯಲ್ಲಿ ಲ್ಯಾಬಿನವರು ಇನ್ನೊಬ್ಬರ ಹಲ್ಲು ಜೋಡಿಸುತ್ತಾ ಕೂರಬಹುದು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಲಾಭ ಲ್ಯಾಬಿನವರ ಕೈಗೇ ಸಂಬಂಧಿಸಿದ್ದು. ಮಾನೊಮರ್ ಚರ್ಮಕ್ಕೆ ಒಳ್ಳೆಯದಲ್ಲ. ಹಿಟ್ಟನ್ನು ಬರಿಗೈಯಲ್ಲಿ ನಾದಿ ನಾದಿ ಬೆರಳತುದಿ ಬಿರುಕುಬಿಟ್ಟು ಸಿಪ್ಪೆಯೆದ್ದವರನ್ನು ಹಳೆಯ ಲ್ಯಾಬುಗಳಲ್ಲಿ ಕಾಣಬಹುದು. ಒಮ್ಮೆ ಅಲರ್ಜಿ ಅಂಟಿದರೆ ಆ ಕಸುಬನ್ನೇ ಬಿಡಬೇಕಾದೀತು. ಸಾಮಾನ್ಯ ಲೇಟೆಕ್ಸ್ ಗ್ಲೌಸನ್ನು ಮಾನೊಮರ್ ಬೇಗನೆ ತೂರಿ ಒಳಗೆ ಬರುತ್ತದೆ, ಗ್ಲೌಸ್ ಹಾಕಿದ್ದೇನೆ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಕಾರ್ಟ್ರಿಜ್ಜಿನಲ್ಲೇ ಪುಡಿ ದ್ರವ ಬೆರೆಯುವಾಗ ಕೈಗೆ ತಾಗುವುದು ಕಡಿಮೆ, ಗಾಳಿಗೆ ಸೇರುವುದೂ ಕಡಿಮೆ. ಸೆಟ್ಟು ಹಾಕಿಕೊಳ್ಳುವವರಿಗೂ ಇದರಲ್ಲಿ ಪಾಲಿದೆ. ಸರಿಯಾಗಿ ಬೇಯದ ಅಕ್ರಿಲಿಕ್ಕಿನಲ್ಲಿ ಉಳಿದ ಮಾನೊಮರ್ ನಿಧಾನವಾಗಿ ಬಾಯಿಗೆ ಇಳಿಯುತ್ತದೆ, ಕೆಲವರಿಗೆ ಬಾಯಿ ಉರಿಯುತ್ತದೆ. ಬಿಸಿಯಲ್ಲಿ ಬೇಯಿಸಿದ ಅಕ್ರಿಲಿಕ್ಕಿನಲ್ಲಿ ಅದು ಶೇ. 2.2 ಮೀರಬಾರದು ಎಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಯಂತ್ರ ತನ್ನ ಹೊತ್ತು ಮುಗಿಯುವವರೆಗೆ ಬಾಗಿಲು ಬಿಡದು. ಸಂಜೆಯ ಬಸ್ಸು ಅದಕ್ಕೆ ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಯಂತ್ರ ತಂದ ಲ್ಯಾಬಿನಿಂದ ಬಂದ ಸೆಟ್ಟೆಲ್ಲ ಬಾಯಿಗೆ ಕೂರುತ್ತದೆ ಎಂದು ನಾನು ಹೇಳಲಾರೆ. ಅಳತೆ ತೆಗೆಯುವಾಗ ಅಂಗುಳದ ಹಿಂಭಾಗ ಸರಿಯಾಗಿ ಬಂದಿರದಿದ್ದರೆ ಯಂತ್ರ ಆ ತಪ್ಪನ್ನೇ ಚಾಚೂತಪ್ಪದೆ ಅಕ್ರಿಲಿಕ್ಕಿನಲ್ಲಿ ಮೂಡಿಸುತ್ತದೆ. ದವಡೆ ಕೂಡುವ ಬಗೆಯನ್ನು ಡಾಕ್ಟರು ಅವಸರದಲ್ಲಿ ದಾಖಲಿಸಿದ್ದರೂ ಅಷ್ಟೆ. ಹಿಂದೆ ಪ್ಯಾಕಿಂಗಿನ ದೋಷದ ಹಿಂದೆ ಈ ದೋಷಗಳೆಲ್ಲ ಅಡಗಿಕೊಳ್ಳುತ್ತಿದ್ದವು, ಸೆಟ್ಟು ಕೂರದಿದ್ದರೆ ಲ್ಯಾಬಿನ ಕಡೆ ಬೆರಳು ತೋರಿಸಬಹುದಿತ್ತು. ಈಗ ಆ ಮರೆ ಇಲ್ಲ. ಲ್ಯಾಬಿನಲ್ಲೂ ಅಷ್ಟೆ: ಮೇಣ ಪೂರ್ತಿ ತೊಳೆಯದೆ ಹಲ್ಲಿನ ಬುಡದಲ್ಲಿ ಜಿಡ್ಡು ಉಳಿದಿದ್ದರೆ ಹಲ್ಲು ಅಕ್ರಿಲಿಕ್ಕಿಗೆ ಕಚ್ಚುವುದಿಲ್ಲ, ಆರು ತಿಂಗಳಿಗೆ ಕಡಲೆಬೀಜ ಕಡಿಯುವಾಗ ಉದುರುತ್ತದೆ. ಅಕ್ರಿಲಿಕ್ ಹರಿಯುವ ದಾರಿಯನ್ನು ಮೇಣದಲ್ಲಿ ಸರಿಯಾಗಿ ಮಾಡಿಡದಿದ್ದರೆ ಮೂಲೆ ತುಂಬುವುದಿಲ್ಲ. ತೆಳುವಾದ ಪ್ಲಾಸ್ಟರ್ ಒತ್ತಡಕ್ಕೆ ಬಿರುಕುಬಿಟ್ಟರೆ ಹಲ್ಲೇ ಜಾಗ ಬದಲಿಸುತ್ತದೆ. ಬಣ್ಣದ ಕಾಗದ ಇಟ್ಟು ಕಚ್ಚಿಸಿ, ಎತ್ತರದ ಚುಕ್ಕೆ ಹುಡುಕಿ ತೇಯುವ ಕೆಲಸ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಯಂತ್ರ ಬಂದ ಸಂಭ್ರಮದಲ್ಲಿ ಅದನ್ನು ಕೈಬಿಟ್ಟವರು ಯಂತ್ರಕ್ಕೆ ಹಾಕಿದ ಹಣವನ್ನೇ ಕಳೆದುಕೊಂಡಂತೆ.

ವಸಡಿನ ಮೂಳೆಯ ವಿಚಾರವೂ ಇದೆ. ಹಲ್ಲು ಹೋದ ಮೇಲೆ ಅದು ಕರಗುತ್ತಲೇ ಇರುತ್ತದೆ. ಸೆಟ್ಟು ಹಾಕಿಕೊಂಡವರನ್ನು 25 ವರ್ಷ ಹಿಂಬಾಲಿಸಿದ ತಾಲ್ಗ್ರೆನ್ ಎಂಬ ಸಂಶೋಧಕಿ, ಕೆಳದವಡೆಯ ಮುಂಭಾಗದ ಮೂಳೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಕರಗುತ್ತದೆ ಎಂದು 1972ರಲ್ಲಿ ತೋರಿಸಿದರು. ಕೆಳಗಿನ ಸೆಟ್ಟು ಕುಣಿಯುತ್ತದೆ ಎಂದು ಎಲ್ಲ ಮನೆಯಲ್ಲೂ ಕೇಳುವ ದೂರಿಗೆ ಇದೂ ಒಂದು ಕಾರಣ. ಇಂದು ಸರಿಯಾಗಿ ಕೂತ ಸೆಟ್ಟು ಕೆಲವು ವರ್ಷಗಳ ಮೇಲೆ ಸಡಿಲವಾಗುತ್ತದೆ, ಆಗ ಒಳಮೈಗೆ ಹೊಸ ಪದರ ಕೊಡಿಸಬೇಕು. ‘ಒಂದು ಸಲ ಕಟ್ಟಿಸಿದ್ದಾಯಿತಲ್ಲ’ ಎಂದು ಹಿರಿಯರನ್ನು ಸುಮ್ಮನಾಗಿಸುವ ಮಕ್ಕಳಿಗೆ ಇದು ಗೊತ್ತಿರಬೇಕು. ರಾತ್ರಿ ಸೆಟ್ಟನ್ನು ತೆಗೆದು ನೀರಿನಲ್ಲಿಡುವುದೂ ವಸಡಿಗೆ ವಿಶ್ರಾಂತಿ ಸಿಗಲಿ, ಅಕ್ರಿಲಿಕ್ ಒಣಗಿ ಆಕಾರ ಕೆಡದಿರಲಿ ಎಂದು. ಬಿಸಿನೀರು ಮಾತ್ರ ಸಲ್ಲದು. ಸೊಸೆ ಪ್ರೀತಿಯಿಂದ ಕುದಿನೀರಿನಲ್ಲಿ ತೊಳೆದುಕೊಟ್ಟ ಸೆಟ್ಟು ಮರುದಿನ ಬಾಯಿಗೆ ಕೂರದೆ ಹೋಗಬಹುದು.

ಇನ್ನು ದುಡ್ಡಿನ ಮಾತು. ಸ್ವಯಂಚಾಲಿತ ಇಂಜೆಕ್ಟರು ಹೊರದೇಶದ ಸರಕು, ಅದರ ಫ್ಲಾಸ್ಕು ಬೇರೆ, ಅದಕ್ಕೆ ಹೊಂದುವ ಕಾರ್ಟ್ರಿಜ್ಜು ಅದೇ ಕಂಪನಿಯಿಂದಲೇ ಬರಬೇಕು. ಪುಡಿ ದ್ರವದ ಡಬ್ಬಿ ಎಲ್ಲ ಊರಲ್ಲೂ ಸಿಗುತ್ತದೆ, ಕಾರ್ಟ್ರಿಜ್ಜು ಸಿಗುವುದಿಲ್ಲ. ಒಂದು ಕಂಪನಿಯ ಕೈಗೆ ಹಲ್ಲಿನ ಸೆಟ್ಟು ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಕಥೆಯೊಂದಿದೆ. ಅಕ್ರಿಲಿಕ್ಕಿಗೆ ಮೊದಲು ಸೆಟ್ಟು ಮಾಡುತ್ತಿದ್ದದ್ದು ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ. 1864ರಲ್ಲಿ ಅದರಿಂದ ಸೆಟ್ಟು ಮಾಡುವುದಕ್ಕೆ ಪೇಟೆಂಟ್ ಸಿಕ್ಕಿತು. ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಅಮೆರಿಕದ ದಂತವೈದ್ಯರಿಂದೆಲ್ಲ ಪರವಾನಗಿ ಹಣ ವಸೂಲು ಮಾಡತೊಡಗಿತು, ಕೊಡದವರನ್ನು ಕೋರ್ಟಿಗೆ ಎಳೆಯಿತು. ಆ ಕಂಪನಿಯ ಖಜಾಂಚಿ ಜೋಸಯಾ ಬೇಕನ್‌ನನ್ನು 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲಿನಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ ಗುಂಡಿಟ್ಟು ಕೊಂದ. 1881ರಲ್ಲಿ ಪೇಟೆಂಟ್ ಮುಗಿದ ಮೇಲೆ ವಲ್ಕನೈಟು ಎಲ್ಲರ ಸ್ವತ್ತಾಯಿತು. ಕೊಲೆಯನ್ನು ಯಾರೂ ಒಪ್ಪಲಾರರು. ಆದರೆ ಬಡವರ ಬಾಯಿಗೆ ಹೋಗುವ ವಸ್ತುವಿನ ಬೀಗದ ಕೈ ಒಬ್ಬರ ಬಳಿ ಇರುವುದು ಆಗಲೂ ಸಂಕಟದ ಸಂಗತಿ, ಈಗಲೂ ಹೌದು. ಬೆಲೆ ತಗ್ಗಿದ, ನಮ್ಮಲ್ಲೇ ತಯಾರಾದ, ಯಾವ ಕಂಪನಿಯ ಅಕ್ರಿಲಿಕ್ ಹಾಕಿದರೂ ನಡೆಯುವ ಇಂಜೆಕ್ಟರು ಬೇಕು. ಇದು ಅಸಾಧ್ಯದ ಕೆಲಸವಲ್ಲ. ನಮ್ಮಲ್ಲಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಇಂಜೆಕ್ಷನ್ ಯಂತ್ರದಲ್ಲಿ ತೆಗೆಯುವವರು ಬೆಂಗಳೂರಿನ ಪೀಣ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅಕ್ರಿಲಿಕ್ ಗಟ್ಟಿಯನ್ನು ಕಂಪ್ಯೂಟರ್ ಹೇಳಿದಂತೆ ಕೊರೆದು ಸೆಟ್ಟು ಮಾಡುವ ಯಂತ್ರಗಳೂ ಬಂದಿವೆ. ಮೊದಲೇ ಕುಗ್ಗಿ ಮುಗಿದ ಗಟ್ಟಿಯನ್ನು ಕೊರೆಯುವುದರಿಂದ ಅಲ್ಲಿ ಈ ತೊಂದರೆಯೇ ಇಲ್ಲ. ಅದರ ಖರ್ಚು ಇನ್ನೂ ಮೇಲಿನದು. ದೊಡ್ಡ ಊರಿನ ದೊಡ್ಡ ಲ್ಯಾಬುಗಳು ಆ ದಾರಿ ಹಿಡಿಯಲಿ. ತಾಲ್ಲೂಕಿನ ಲ್ಯಾಬಿಗೆ ಸದ್ಯ ಎಟುಕಬಹುದಾದದ್ದು ಇಂಜೆಕ್ಷನ್ನೇ ಎಂಬುದು ನನ್ನ ಎಣಿಕೆ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡಿಸುವ ‘ದಂತ ಭಾಗ್ಯ’ ಯೋಜನೆಯನ್ನು ನಮ್ಮ ರಾಜ್ಯ ತಂದಿತು. ಹಲ್ಲಿಲ್ಲದ ಬಾಯಿಯೂ ಸರ್ಕಾರದ ಕಾಳಜಿಗೆ ಸೇರಬೇಕು ಎಂದು ಯೋಚಿಸಿದ್ದೇ ದೊಡ್ಡ ವಿಷಯ. ಇಂಥ ಯೋಜನೆಯ ಲೆಕ್ಕ ಸಾಮಾನ್ಯವಾಗಿ ಎಷ್ಟು ಸೆಟ್ಟು ಕೊಟ್ಟೆವು ಎಂಬಲ್ಲಿಗೆ ನಿಲ್ಲುತ್ತದೆ. ಎಷ್ಟು ಸೆಟ್ಟು ಊಟದ ಹೊತ್ತಿಗೆ ಬಾಯಲ್ಲಿದೆ ಎಂದು ಕೇಳಬೇಕು. ಸರ್ಕಾರಿ ದಂತ ಕಾಲೇಜುಗಳ ಲ್ಯಾಬಿನಲ್ಲಿ ಒಂದೊಂದು ಇಂಜೆಕ್ಟರು ಇಟ್ಟು, ಸುತ್ತಲಿನ ಜಿಲ್ಲೆಗಳ ಸೆಟ್ಟುಗಳನ್ನು ಅಲ್ಲಿ ಬೇಯಿಸಿ ಕಳಿಸಿದರೆ, ಯಂತ್ರ ಸುಮ್ಮನೆ ಕೂರುವುದೂ ತಪ್ಪುತ್ತದೆ, ಅಲ್ಲಿ ಕಲಿಯುವ ಮಕ್ಕಳ ಕೈಗೂ ಅದರ ಬಳಕೆ ಬರುತ್ತದೆ. ಹಣ ಕೊಟ್ಟು ಖಾಸಗಿ ಕ್ಲಿನಿಕ್ಕಿಗೆ ಹೋಗುವವರಿಗೆ ಚೆನ್ನಾಗಿ ಕೂರುವ ಸೆಟ್ಟು, ಕಾರ್ಡು ಹಿಡಿದು ಸಾಲಿನಲ್ಲಿ ನಿಂತವರಿಗೆ ಪಿನ್ ಎದ್ದ ಸೆಟ್ಟು ಎಂದಾಗಬಾರದು. ರೊಟ್ಟಿ ಅಗಿಯುವ ಆಸೆ ಇಬ್ಬರಿಗೂ ಒಂದೇ.

ಲ್ಯಾಬಿನಲ್ಲಿ ಸೆಟ್ಟು ಮಾಡುವವರನ್ನು 1948ರ ದಂತವೈದ್ಯರ ಕಾಯ್ದೆ ಡೆಂಟಲ್ ಮೆಕ್ಯಾನಿಕ್ ಎಂದು ಕರೆದು ನೋಂದಣಿಗೆ ಅವಕಾಶ ಕೊಟ್ಟಿತು. ಕಾಯ್ದೆಯಲ್ಲಿ ಹೆಸರಿದೆ, ಸೆಟ್ಟು ಹಾಕಿಕೊಂಡವರ ನೆನಪಿನಲ್ಲಿ ಇಲ್ಲ. ಅವರು ಸಾಮಾನ್ಯವಾಗಿ ರೋಗಿಯ ಮುಖವನ್ನೇ ನೋಡಿರುವುದಿಲ್ಲ. ಪ್ಲಾಸ್ಟರಿನ ಅಚ್ಚು ಬರುತ್ತದೆ, ಜೊತೆಗೆ ಹಲ್ಲಿನ ಬಣ್ಣ, ತಾರೀಖು ಬರೆದ ಒಂದು ಚೀಟಿ. ಸೆಟ್ಟು ಹೋದ ಮೇಲೆ ಅದು ಕೂತಿತೋ ಇಲ್ಲವೋ ಗೊತ್ತಾಗುವುದು ವಾಪಸು ಬಂದಾಗ ಮಾತ್ರ, ಅದೂ ಬೈಗುಳದ ಜೊತೆ. ಸ್ವಯಂಚಾಲಿತ ಯಂತ್ರ ತಂದ ಲ್ಯಾಬಿಗೆ ಈಗ ನಿಜಕ್ಕೂ ಬೇಕಾಗಿರುವುದು ಈ ಸುದ್ದಿ: ಪಿನ್ ಎಷ್ಟು ಎದ್ದಿತ್ತು, ಅಂಗುಳದ ಹಿಂಭಾಗ ಬಿಟ್ಟುಕೊಂಡಿತ್ತೇ, ಎಲ್ಲಿ ತೇಯಬೇಕಾಯಿತು, ವಾರದ ಮೇಲೆ ಹುಣ್ಣು ಎದ್ದಿತೇ. ಪಿನ್ನಿನ ಅಳತೆಯನ್ನು ಲ್ಯಾಬಿನವರೇ ಬರೆದಿಡಲಿ. ಉಳಿದದ್ದನ್ನು ಡಾಕ್ಟರು ಅದೇ ಚೀಟಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದು ಕಳಿಸಲಿ. ಅಂಥ ಚೀಟಿಗಳು ಒಂದು ವರ್ಷ ಸೇರಿದರೆ, ಯಂತ್ರ ಎಷ್ಟು ಕೆಲಸ ಮಾಡಿತು, ಎಲ್ಲಿ ಇನ್ನೂ ಅಳತೆ ತಪ್ಪುತ್ತಿದೆ ಎಂಬುದು ಇಬ್ಬರಿಗೂ ತಿಳಿಯುತ್ತದೆ.